ಕ್ಲೆರಿಕಲ್ ಅಂದರೆ ಪಾದ್ರಿಯೋ, ಗುಮಾಸ್ತನೋ?

ಇರಾನಿನ ಸುದ್ದಿಯಲ್ಲಿ ‘ಕ್ಲೆರಿಕಲ್’ ಅಂದರೆ ಧರ್ಮಗುರುಗಳದ್ದು. ಬ್ಯಾಂಕ್ ಪರೀಕ್ಷೆಯ ಜಾಹೀರಾತಿನಲ್ಲಿ ಅದೇ ಪದ ಗುಮಾಸ್ತರದ್ದು. ಇದು ಹೇಗೆ ಅಂತ ಅನುವಾದಕ್ಕೆ ಕೈಹಾಕಿದವರೆಲ್ಲ ಒಮ್ಮೆಯಾದರೂ ಕೇಳುತ್ತಾರೆ. ಯುರೋಪಿನಲ್ಲಿ ನೂರಾರು ವರ್ಷ ಓದುಬರಹ ಬಲ್ಲವನೆಂದರೆ ಹೆಚ್ಚುಕಡಿಮೆ ಚರ್ಚಿನವನೇ ಆಗಿದ್ದ ಅನ್ನುವುದು ಚಿಕ್ಕ ಉತ್ತರ. ಆದರೆ ಪದದ ಬೇರು ಓದುಬರಹದಲ್ಲೂ ಇಲ್ಲ, ಪೂಜೆಯಲ್ಲೂ ಇಲ್ಲ. ಅದಿರುವುದು ಚೀಟಿ ಎತ್ತುವುದರಲ್ಲಿ.

ಗ್ರೀಕಿನ ‘ಕ್ಲೇರೋಸ್’ ಅಂದರೆ ಚೀಟಿಯ ಬದಲು ಹಾಕುತ್ತಿದ್ದ ಕಲ್ಲು ಅಥವಾ ಮರದ ಚೂರು. ಹಾಗೆ ಎತ್ತಿ ಹಂಚಿಕೊಂಡ ಜಮೀನಿಗೂ ಅದೇ ಹೆಸರಾಯಿತು, ಪಿತ್ರಾರ್ಜಿತಕ್ಕೂ. ನಮ್ಮ ‘ಪಾಲು’ ಇದಕ್ಕೆ ಸರಿಯಾಗಿ ಕೂರುತ್ತದೆ: ಆಸ್ತಿಯಲ್ಲಿ ಪಾಲು ಅನ್ನುತ್ತೇವೆ, ಪಾಲಿಗೆ ಬಂದದ್ದು ಪಂಚಾಮೃತ ಅಂತಲೂ ಅನ್ನುತ್ತೇವೆ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ದೇವರ ಸೇವೆಗೆ ನಿಂತ ಲೇವಿಯರ ಕುಲಕ್ಕೆ ಜಮೀನಿನ ಪಾಲಿಲ್ಲ, ದೇವರೇ ಅವರ ಪಾಲು. ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನಿಂದ ತೆರವಾದ ಜಾಗ ಮತ್ತೀಯನಿಗೆ ಹೋದದ್ದು ಚೀಟಿ ಎತ್ತಿಯೇ. ನಾಲ್ಕನೇ ಶತಮಾನದ ಕೊನೆಗೆ ಸಂತ ಜೆರೋಮ್ ಒಂದು ಪತ್ರದಲ್ಲಿ ಪದವನ್ನು ಬಿಡಿಸಿದ್ದು ಹೀಗೆ: ಚರ್ಚಿನ ಸೇವೆಗೆ ನಿಂತವರು ದೇವರ ಪಾಲು, ಅಥವಾ ದೇವರು ಅವರ ಪಾಲು, ಅದಕ್ಕೇ ಲ್ಯಾಟಿನ್‌ನಲ್ಲಿ ‘ಕ್ಲೆರಿಕುಸ್’.

ಮಧ್ಯಯುಗದ ಕ್ಲೆರಿಕುಸ್‌ಗಳೆಲ್ಲ ಪೂಜೆ ನಡೆಸುವ ಪಾದ್ರಿಗಳಲ್ಲ. ನೆತ್ತಿ ಬೋಳಿಸಿಕೊಂಡು ಕೆಳಹಂತದ ದೀಕ್ಷೆಯಲ್ಲೇ ಉಳಿದವರು ಮದುವೆಯಾಗಬಹುದಿತ್ತು. ರಾಜನ ಪತ್ರ, ಲೆಕ್ಕ, ದಾಖಲೆ ಬರೆಯಲು ಸಿಗುತ್ತಿದ್ದವರೂ ಇಂಥವರೇ. ಹಾಗಾಗಿ ‘ಕ್ಲರ್ಕ್’ ಮೊದಲು ಪಾದ್ರಿ, ಆಮೇಲೆ ಓದಿದವನು, ಕೊನೆಗೆ ಬರೆಯುವ ನೌಕರ.

ಈ ಬೆಸುಗೆ ಎಷ್ಟು ಗಟ್ಟಿಯಿತ್ತು ಅಂತ ನೋಡಬೇಕಾದರೆ ಇಂಗ್ಲೆಂಡಿನ ಕೋರ್ಟಿಗೆ ಹೋಗಬೇಕು. ಚರ್ಚಿನವರಿಗೆ ಅಲ್ಲಿ ಸಾಮಾನ್ಯ ನ್ಯಾಯಾಲಯದ ಗಲ್ಲುಶಿಕ್ಷೆಯಿಂದ ವಿನಾಯಿತಿ ಇತ್ತು; ಚರ್ಚಿನವನು ಅನ್ನುವುದಕ್ಕೆ ಪರೀಕ್ಷೆ ಓದುವುದು. ಸಾಮಾನ್ಯವಾಗಿ ಕೊಡುತ್ತಿದ್ದದ್ದು ಬೈಬಲಿನ 51ನೇ ಕೀರ್ತನೆಯ ಮೊದಲ ಸಾಲು, ‘ಮಿಸೆರೆರೆ ಮೇಯಿ’ ಅಂತ ಶುರುವಾಗುವುದು. ಕೊರಳು ಉಳಿಸುವ ಸಾಲು ಅಂತಲೇ ಅದಕ್ಕೆ ಹೆಸರು ಬಿತ್ತು, ಅಕ್ಷರ ಬಾರದವರೂ ಬಾಯಿಪಾಠ ಮಾಡಿಕೊಂಡರು. ನ್ಯಾಯಾಧೀಶ ಬೇರೆ ಪುಟ ತೆಗೆದನೋ, ಮುಗಿಯಿತು ಕಥೆ. ದುರುಪಯೋಗ ತಡೆಯಲು 1489ರಲ್ಲಿ ಕಾನೂನು ಬಂತು: ದೀಕ್ಷೆಯಿಲ್ಲದವನಿಗೆ ವಿನಾಯಿತಿ ಒಂದೇ ಸಲ, ಗುರುತಿಗೆ ಹೆಬ್ಬೆರಳಿಗೆ ಬರೆ. (ಓದಿದವನಿಗೆ ಬರೆ: ಈ ಶ್ಲೇಷೆ ಕನ್ನಡಕ್ಕೇ ಮೀಸಲು.) ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಕೊಲೆ ಪ್ರಕರಣದಲ್ಲಿ ತಲೆ ಉಳಿಸಿಕೊಂಡದ್ದು ಹೀಗೇ. ಓದುವ ಪರೀಕ್ಷೆ 1706ರಲ್ಲಿ ಹೋಯಿತು, ವಿನಾಯಿತಿಯೇ 1827ರಲ್ಲಿ.

ನಮ್ಮಲ್ಲೂ ಅರ್ಚಕರು, ಶಾನುಭೋಗರು ಅನೇಕ ಕಡೆ ಒಂದೇ ಜಾತಿಯವರಾಗಿದ್ದರು, ಆದರೂ ಎರಡು ಪದ ಬೆರೆಯಲಿಲ್ಲ. ಗುಮಾಸ್ತ ಪಾರ್ಸಿಯಿಂದ ಬಂದದ್ದು, ಅರ್ಥ ‘ನೇಮಿಸಲ್ಪಟ್ಟವನು’. ಕಾರಕೂನ ‘ಕೆಲಸ ಮಾಡುವವನು’. ಎರಡರಲ್ಲೂ ದೇವರ ಸುಳಿವಿಲ್ಲ.

ಅನುವಾದಕರು ಮುಂದಿನ ಪದ ನೋಡಿ ತೀರ್ಮಾನಿಸಬೇಕು. ಕಾಲರ್, ಉಡುಪು, ಆಳ್ವಿಕೆ ಬಂದರೆ ಧರ್ಮಗುರು. ಹುದ್ದೆ, ಕೆಲಸ, ತಪ್ಪು ಬಂದರೆ ಕಚೇರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ‘ಕ್ಲೆರಿಕಲ್’ ತಪ್ಪನ್ನು ಯಾವಾಗ ಬೇಕಾದರೂ ತಿದ್ದಬಹುದು ಅನ್ನುತ್ತದೆ. ಅದು ಬರವಣಿಗೆಯ ಕೈತಪ್ಪು, ತೀರ್ಪಿನ ತಪ್ಪಲ್ಲ. ಜಾರಿಬೀಳುವ ಜಾಗ ‘ಕ್ಲರ್ಕ್ ಇನ್ ಹೋಲಿ ಆರ್ಡರ್ಸ್’. ಪವಿತ್ರ ಆದೇಶಗಳ ಗುಮಾಸ್ತ ಅಂತ ಬರೆದುಬಿಟ್ಟೀರಿ! ಆಂಗ್ಲಿಕನ್ ಪಾದ್ರಿಯನ್ನು ದಾಖಲೆಗಳಲ್ಲಿ ಇವತ್ತಿಗೂ ಕರೆಯುವುದು ಹಾಗೆ. ‘ಆರ್ಡರ್ಸ್’ ಅಂದರೆ ಅಲ್ಲಿ ದೀಕ್ಷೆ.