ಜ್ವರದ ಮೂರನೇ ರಾತ್ರಿ

ಮಗಳಿಗೆ ವೈರಲ್ ಜ್ವರ. "ಅಮ್ಮಾ, ಮೈಯೆಲ್ಲಾ ನೋವು" ಅಂತ ನರಳಿ ನರಳಿ ಈಗಷ್ಟೇ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲೇ ಕೂತಿದ್ದೀನಿ.

ಈ ಸುಡೋ ಮೈ, ಕೈಕಾಲು ಸೆಳೆತ ಎಲ್ಲಾ ವೈರಸ್ಸಿನದ್ದೇ ಕೆಲಸ ಅಂದುಕೊಳ್ತೀವಿ. ಬಹುಪಾಲು ಅವಳ ದೇಹವೇ ಮಾಡ್ತಿರೋದು. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಅನ್ನೋ ಸೈಟೊಕೈನನ್ನ, ಅಂದ್ರೆ ಬೇರೆ ಕೋಶಗಳಿಗೆ ಸುದ್ದಿ ಮುಟ್ಟಿಸೋ ಪ್ರೋಟೀನನ್ನ, ಹೊರಬಿಡುತ್ತೆ. ಅದು ತಾಕಿದ ಅಕ್ಕಪಕ್ಕದ ಕೋಶಗಳು ವೈರಸ್ಸಿನ ತಳಿ ಮಾಹಿತಿ ಹೊತ್ತ ಆರ್‌ಎನ್‌ಎ ಕತ್ತರಿಸೋಕೆ, ಅದರ ಪ್ರೋಟೀನ್ ತಯಾರಾಗದಂತೆ ತಡೆಯೋಕೆ ಸಜ್ಜಾಗ್ತವೆ. ತಾನು ಉಳಿಯದಿದ್ದರೂ ನೆರೆಹೊರೆಯನ್ನ ಎಬ್ಬಿಸಿ ಹೋಗುವ ಆ ಒಂದು ಕೋಶವನ್ನ ನೆನೆದರೆ ಕಣ್ಣು ತುಂಬುತ್ತೆ. ಇಂಟರ್‌ಲ್ಯೂಕಿನ್-6ರಂಥ ಇನ್ನು ಕೆಲವು ಸೈಟೊಕೈನ್‌ಗಳ ಸುದ್ದಿ ಮಿದುಳಲ್ಲಿ ಮೈ ಬಿಸಿಯನ್ನ ಹತೋಟಿಯಲ್ಲಿಡೋ ಹೈಪೊಥಲಾಮಸ್‌ಗೆ ಮುಟ್ಟಿ ಮೈ ಬಿಸಿ ಏರುತ್ತೆ.

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ವಿಜ್ಞಾನಿಗಳಾದ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್‌ಲೆಂಡಿನ ಲಿಂಡೆನ್‌ಮನ್ ಇಂಟರ್‌ಫೆರಾನನ್ನ ಗುರುತಿಸಿದ್ದು ಕೋಳಿಮೊಟ್ಟೆಯೊಳಗಿನ ಪೊರೆಯಲ್ಲಿ. ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ ಹಾಕಿದಾಗ ಆ ಪೊರೆ ಬಿಟ್ಟ ಏನೋ ಒಂದು ವಸ್ತು, ಹೊಸ ಪೊರೆಗಳನ್ನೂ ಸೋಂಕಿನಿಂದ ಕಾಪಾಡಿತ್ತು. ಮುಂದೆ ಹೆಪಟೈಟಿಸ್ ಸಿ ಅನ್ನೋ ಲಿವರ್ ಸೋಂಕಿನ ರೋಗಿಗಳಿಗೆ ಅದನ್ನೇ ಇಂಜೆಕ್ಷನ್ ಆಗಿ ಕೊಟ್ಟರು. ಎಷ್ಟೋ ಜನಕ್ಕೆ ಚಳಿ, ಜ್ವರ, ಮೈಕೈ ನೋವು, ಥೇಟ್ ಫ್ಲೂ ಬಂದ ಹಾಗೆ. ಫ್ಲೂ ವೈರಸ್ಸೇ ಇರಲಿಲ್ಲ!

ಅತಿಯಾದರೆ ಇದೇ ಸೈಟೊಕೈನ್‌ಗಳು ದೇಹಕ್ಕೇ ಮುಳುವಾಗ್ತವೆ, ಕೋವಿಡ್ ಕಾಲದಲ್ಲಿ ಕಂಡಿದ್ದೀವಿ. ಅದಕ್ಕೇ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡ್ತಾ ಇದ್ದೀನಿ.

ಈಗ ಹಣೆ ಬೆವರ್ತಿದೆ. ಬೆಳಿಗ್ಗೆ ಎದ್ದು ಒಂದು ಲೋಟ ಗಂಜಿ ಕುಡಿದರೆ ಸಾಕು.