ಅರ್ಧ ಪುಟದ ಬದುಕು

ಬೆಂಗಳೂರಿನ ಹಳೇ ವ್ಯಾಪಾರಿಗಳು, ಹೋಟೆಲ್‌ಗಳು, ದಾನಿಗಳು. ಆರ್ಕೈವ್‌ನಲ್ಲಿ ಇವರ ಪುಟ್ಟ ಪುಟ್ಟ ಪರಿಚಯ ಓದ್ತಾ ಕೂತಿದ್ದೇನೆ. ತಲೆಗೆ ಅರ್ಧ ಪುಟ. ಹುಟ್ಟೂರು, ಕಸುಬು, ಬಿರುದು, ಮುಗೀತು.

ಗುಬ್ಬಿ ತೋಟದಪ್ಪನವರದ್ದೂ ಅಷ್ಟೇ. ವ್ಯಾಪಾರಿ, 1903ರಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿದರು. ಊರಿಂದ ಬಂದವರು ಎಷ್ಟು ಜನ ಮೊದಲ ರಾತ್ರಿ ಅಲ್ಲೇ ತಂಗಿದ್ದಾರೋ, ಯಾರು ಲೆಕ್ಕ ಇಟ್ಟಿದ್ದಾರೆ!

ಎಂಟಿಆರ್ ಹೋಟೆಲ್ (ಮಾವಳ್ಳಿ ಟಿಫಿನ್ ರೂಮ್) ಶುರುವಾಗಿದ್ದು 1924ರಲ್ಲಿ. ಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದ ಕಥೆ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಹಿಡಿಸಿದ್ದು ತುರ್ತು ಪರಿಸ್ಥಿತಿಯದು. ಸರ್ಕಾರ ತಿಂಡಿ ರೇಟು ಇಳಿಸಿ ಅಂತು. ಇವರು ರೇಟು ಇಳಿಸಿದರು, ರುಚಿ ಇಳಿಸಲಿಲ್ಲ. ಆವತ್ತಾವತ್ತಿನ ನಷ್ಟ ಎಷ್ಟು ಅಂತ ಬೋರ್ಡ್ ಮೇಲೆ ಬರೆದು ಹೊರಗೆ ಹಾಕಿದರಂತೆ. ಏನು ಧೈರ್ಯ ಅಲ್ವಾ? ಕೊನೆಗೆ ಹೋಟೆಲ್ ಕೆಲಕಾಲ ಮುಚ್ಚಬೇಕಾಯ್ತು. ಆದರೆ ಪುಡಿ, ಮಿಕ್ಸ್‌ಗಳ ವ್ಯಾಪಾರ ಬೆಳೆದು ಮನೆಮನೆಗೂ ಹೋಯಿತು.

ಅಡುಗೆ ಭಟ್ಟರು, ಲೆಕ್ಕ ಬರೆದವರು, ಲೋಟ ತೊಳೆದವರು? ಅವರಿಗೆ ಒಂದು ಸಾಲೂ ಇಲ್ಲ.

ಅಂದಹಾಗೆ, ನಿಮ್ಮ ಏರಿಯಾದ ಯಾವ ಹಳೇ ಅಂಗಡಿಗೆ ಅರ್ಧ ಪುಟ ಕೊಡ್ತೀರಿ? ಸುಮ್ನೆ ಕೇಳ್ತಿದ್ದೇನೆ.