ನೊಣದ ಒಡಲಲ್ಲಿ ನಮ್ಮ ತೋಟದ ಕಳೆನಾಶಕ

ಜರ್ಮನಿಯ ಪ್ರಯೋಗಾಲಯದಲ್ಲಿ ನಾನು ಸಾಕುತ್ತಿರುವುದು ಹಣ್ಣುನೊಣಗಳನ್ನು. ನಮ್ಮ ಕೊಡಗಿನ ಸುಂಟಿಕೊಪ್ಪದ ಕಡೆ ಬಾಳೆಗೊನೆ ಹಣ್ಣಾದೊಡನೆ ಮುತ್ತುವ ಕೆಂಗಣ್ಣಿನ ಪುಟ್ಟ ನೊಣಗಳ ಜಾತಿಯವೇ ಇವು. 25 ಡಿಗ್ರಿ ಶಾಖವಿದ್ದರೆ ಮೊಟ್ಟೆ ನೊಣವಾಗಲು ಸುಮಾರು ಹತ್ತು ದಿನ ಸಾಕು.

ಅವುಗಳಿಗೆ ಕಷ್ಟ ಕೊಟ್ಟು ಜೀವಕೋಶ ಹೇಗೆ ತಾಳುತ್ತದೆ ಎಂದು ನೋಡುವುದು ನಮ್ಮ ಕೆಲಸ. ಅದಕ್ಕೆ ಬಳಸುವ ವಿಷದ ಹೆಸರು ಕೇಳಿ ಬೆಚ್ಚಿದ್ದೆ: ಪ್ಯಾರಾಕ್ವಾಟ್. ಕಾಫಿ ತೋಟದಲ್ಲಿ ಕಳೆಗೆ ಹೊಡೆಯುವ ಅದೇ ಔಷಧಿ! ಸಕ್ಕರೆ ನೀರಿನಲ್ಲಿ ಬೆರೆಸಿ ಕುಡಿಸಿದರೆ ಅದು ಕೋಶದೊಳಗೆ ಎಲೆಕ್ಟ್ರಾನ್ ಕಸಿದು ಆಮ್ಲಜನಕಕ್ಕೆ ದಾಟಿಸುತ್ತದೆ, ಮತ್ತೆ ಕಸಿಯುತ್ತದೆ. ಹಾಗೆ ಹುಟ್ಟುವ ಸೂಪರಾಕ್ಸೈಡ್ ಎಂಬ ಆಮ್ಲಜನಕದ ಉಗ್ರರೂಪ ಕೋಶವನ್ನು ಹಾಳುಗೆಡಹುತ್ತದೆ.

ಆಗ ಏಳುವ ಕಿಣ್ವಗಳಲ್ಲಿ ಜೆಎನ್‌ಕೆ ಮುಖ್ಯವಾದದ್ದು. ಇದು ಕೈನೇಸ್, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವಿನಿಂದ ಫಾಸ್ಫೇಟ್ ಎಂಬ ತುಣುಕನ್ನು ತೆಗೆದು ಬೇರೆ ಪ್ರೋಟೀನಿಗೆ ಅಂಟಿಸುವಂಥದ್ದು. ಹೆಮಿಪ್ಟೆರಸ್ ಎಂಬ ಇನ್ನೊಂದು ಕಿಣ್ವ ಇದಕ್ಕೇ ಫಾಸ್ಫೇಟ್ ಅಂಟಿಸಿದ ಮೇಲೆ ಇದು ಚುರುಕಾಗಿ, ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಜತೆಗೇ ಪಕರ್ಡ್ ಎಂಬ ಕಿಣ್ವವನ್ನೂ ಹುಟ್ಟಿಸುತ್ತದೆ. ಅದು ಬಂದು ಜೆಎನ್‌ಕೆಯ ಫಾಸ್ಫೇಟನ್ನೇ ಕಿತ್ತುಹಾಕುತ್ತದೆ. ತನಗೆ ತಾನೇ ಕಡಿವಾಣ ತಯಾರಿಸಿಕೊಳ್ಳುವ ಈ ಏರ್ಪಾಡು ನನಗೆ ಇಂದಿಗೂ ಸೋಜಿಗ. ಪಕರ್ಡ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ನೊಣ ಪ್ಯಾರಾಕ್ವಾಟನ್ನು ಹೆಚ್ಚು ತಾಳುತ್ತದೆ, ಹೆಚ್ಚು ಕಾಲವೂ ಬದುಕುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಹಾಗೆಂದು ಕಡಿವಾಣ ಪೂರ್ತಿ ಸಡಿಲಬಾರದು. ಜೆಎನ್‌ಕೆ ಬಹುಕಾಲ ಚುರುಕಾಗಿಯೇ ಉಳಿದರೆ ಕೋಶಕ್ಕೆ ಸಾಯುವ ಅಪ್ಪಣೆ ಹೊರಡುವುದೂ ಅದರಿಂದಲೇ. ಮುದಿ ನೊಣದ ಕರುಳಿನಲ್ಲಿ ಹೊಸ ಕೋಶ ಹುಟ್ಟಿಸುವ ಕಾಂಡಕೋಶಗಳು ಅಳತೆ ಮೀರಿ ಹೆಚ್ಚುವುದರಲ್ಲಿಯೂ ಅದರ ಕೈವಾಡವಿದೆ.

ಮನುಷ್ಯರಲ್ಲಿಯೂ ಜೆಎನ್‌ಕೆ ಇದೆ, ಮೂರು ಜೀನ್‌ಗಳಿಂದ. ಆದರೆ ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆ ಸೇರಿದರೂ ಆ ರಕ್ಷಣೆ ಸಾಲದು. ಶ್ವಾಸಕೋಶ ಕೆಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಯುರೋಪಿನ ಒಕ್ಕೂಟದ ಹೊಲಗಳಲ್ಲಿ 2007ರಿಂದ ಇದಕ್ಕೆ ಅವಕಾಶವಿಲ್ಲ. ಇಲ್ಲಿ ಚಿಟಿಕೆ ಪುಡಿ ತೂಗುವಾಗಲೂ ನಾನು ಕೈಗವಸು ತೊಟ್ಟಿರುತ್ತೇನೆ. ನಮ್ಮ ತೋಟದ ಲೈನ್‌ಮನೆಗಳ ಕೂಲಿಯಾಳುಗಳು ಬರಿಗೈಯಲ್ಲಿ ಔಷಧಿ ಕಲಸಿ, ಕ್ಯಾನ್ ಬೆನ್ನಿಗೇರಿಸಿ ಹೊರಡುತ್ತಿದ್ದುದು ನೆನಪಾದರೆ ಸಂಕಟವಾಗುತ್ತದೆ.

ಚಿಕ್ಕಪ್ಪನಿಗೆ ಫೋನ್ ಮಾಡಿ, ಈ ವರ್ಷ ಕತ್ತಿಯಲ್ಲೇ ಕಳೆ ಕಡಿಸಿ ಎಂದೆ. “ಆಳು ಸಿಕ್ಕಿದರೆ ನಾನೇಕೆ ಔಷಧಿ ಹೊಡೆಸಲಿ, ಮಗನೇ?” ಎಂದರು. ಅವರ ಮಾತೂ ನಿಜ. ಕಳೆ ಕತ್ತರಿಸುವ ಯಂತ್ರದ ಬೆಲೆ ವಿಚಾರಿಸಲು ಹೇಳಿದ್ದೇನೆ. ಮಳೆಗಾಲ ಮುಗಿಯುವುದರೊಳಗೆ ಹಣ ಕಳುಹಿಸುತ್ತೇನೆ.